ಬಾಟಲಿಯಲ್ಲಿ ಬಂದ ಸುಳ್ಳು

1998ರ ಬೇಸಿಗೆ. ನಾನಾಗ ಹರಪನಹಳ್ಳಿ ಸೀಮೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯಾಧಿಕಾರಿಯಾಗಿದ್ದೆ. ತಾಲ್ಲೂಕು ಬಳ್ಳಾರಿ ಜಿಲ್ಲೆ ಬಿಟ್ಟು ದಾವಣಗೆರೆಗೆ ಸೇರಿ ವರ್ಷವೂ ತುಂಬಿರಲಿಲ್ಲ. ಆಸ್ಪತ್ರೆಯಲ್ಲಿ ಎಕ್ಸ್-ರೇ ಯಂತ್ರವಿತ್ತು, ಸಣ್ಣದೊಂದು ಲ್ಯಾಬ್ ಇತ್ತು. ಸ್ಕ್ಯಾನಿಂಗ್ ಬೇಕೆಂದರೆ ದಾವಣಗೆರೆಯ ಬಸ್ಸು ಹತ್ತಬೇಕಿತ್ತು.

ಇಬ್ಬರು ವೈದ್ಯರಲ್ಲಿ ನಾನೊಬ್ಬಳು ಹೆಂಗಸು. ಹಾಗಾಗಿ ಊರು ನನ್ನನ್ನು ಹೆರಿಗೆ ಡಾಕ್ಟ್ರಮ್ಮ ಎಂದು ತೀರ್ಮಾನಿಸಿಬಿಟ್ಟಿತ್ತು. ಗಂಡಸರು ನನ್ನ ಹತ್ತಿರ ಬಂದರೆ ಕುತ್ತಿಗೆಯ ಮೇಲಿನದು, ಮೊಣಕಾಲಿನ ಕೆಳಗಿನದು ಮಾತ್ರ ತೋರಿಸುತ್ತಿದ್ದರು. ನಡುವಿನ ದೇಹವೆಲ್ಲ ನನ್ನ ಸಹೋದ್ಯೋಗಿ ಡಾಕ್ಟರರ ಪಾಲು. ಅವರು ಆ ವಾರ ತರಬೇತಿಗೆ ಹೋಗಿದ್ದರು.

ಸೋಮವಾರ ಬೆಳಿಗ್ಗೆ ಮಾಬುಸಾಬ ಬಂದ. ನಲವತ್ತರ ಆಸುಪಾಸಿನ ಆಳು, ಊರ ಹೊರಗಿನ ಮಂಡಕ್ಕಿ ಭಟ್ಟಿಯಲ್ಲಿ ಅಕ್ಕಿ ಹುರಿಯುವವನು. ಜೊತೆಗೆ ಹೆಂಡತಿ ಮಮ್ತಾಜ್‌ಬಿ, ಅದೇ ಭಟ್ಟಿಯ ಗೆಳೆಯ ನಿಂಗಪ್ಪ.

"ಏನಾಗೇತಿ?" ಎಂದೆ.

"ಏನಿಲ್ರಿ ಅಮ್ಮಾರ, ಬರೇ ಗ್ಯಾಸು. ಒಂದು ಸೂಜಿ ಮಾಡ್ರಿ, ಭಟ್ಟಿಗೆ ಹೋಗ್ತೀನಿ."

ಗ್ಯಾಸಿನವನು ಹಾಗೆ ಒದ್ದಾಡುವುದಿಲ್ಲ. ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ಸಪೂರ ಕೊಳವೆಗೆ ಯುರೆಟರ್ ಎನ್ನುತ್ತೇವೆ. ಅದರಲ್ಲಿ ಕಲ್ಲು ಸಿಕ್ಕಿಕೊಂಡರೆ ಮೇಲಿನಿಂದ ಬರುವ ಮೂತ್ರ ಹಿಂದಕ್ಕೆ ಒತ್ತುತ್ತದೆ. ಆ ನೋವು ಬೆನ್ನಿನ ಪಕ್ಕದಿಂದ ಹೊರಟು ತೊಡೆಯ ಸಂದಿಗೆ ಇಳಿಯುತ್ತದೆ. ಬೇರೆ ಹೊಟ್ಟೆನೋವಿನವರು ಅಲುಗಾಡದೆ ಮುದುಡಿ ಮಲಗುತ್ತಾರೆ. ಕಲ್ಲಿನವರು ಬೆಂಚು ಬಿಟ್ಟು ಗೋಡೆ, ಗೋಡೆ ಬಿಟ್ಟು ಕಿಟಕಿ ಹಿಡಿಯುತ್ತಾರೆ. ಹೆರಿಗೆ, ಕಲ್ಲು ಎರಡನ್ನೂ ಕಂಡ ಹೆಂಗಸರು ಕಲ್ಲೇ ಹೆಚ್ಚು ಎಂದದ್ದನ್ನು ನಾನು ಕೇಳಿದ್ದೇನೆ. ಮಾಬುಸಾಬ ಬಲಪಕ್ಕೆ ಹಿಡಿದುಕೊಂಡು ನನ್ನ ಮೇಜಿಗೆ ಹಣೆ ಊರಿ ನಿಂತಿದ್ದ.

ಕೇಳುತ್ತ ಹೋದಂತೆ ಹಿಂದಿನ ಕಥೆ ಬಿಚ್ಚಿಕೊಂಡಿತು. ಎರಡು ವರ್ಷದ ಹಿಂದೆ ಎಡಗಡೆ ಇಂಥದೇ ನೋವು ಬಂದಿತ್ತು. ಹುರಳಿಕಟ್ಟು, ಬಾಳೆದಿಂಡಿನ ರಸ ಕುಡಿದ. ಕೆಲವು ವಾರದಲ್ಲಿ ನೋವು ನಿಂತಿತು. ಕಲ್ಲು ಕರಗಿತು ಎಂದು ಮನೆಯಲ್ಲಿ ಸಿಹಿ ಮಾಡಿದರಂತೆ. ಭಟ್ಟಿಯಲ್ಲಿ ಇನ್ನೊಂದು ರೂಢಿ ಇತ್ತು. ಒಲೆಯ ಮುಂದೆ ಇರುವಷ್ಟು ಹೊತ್ತು ಯಾರೂ ನೀರು ಮುಟ್ಟುತ್ತಿರಲಿಲ್ಲ. ಕಾದ ಮೈಗೆ ತಣ್ಣೀರು ಬಿದ್ದರೆ ಎದೆ ಹಿಡಿಯುತ್ತದೆ ಎಂಬ ನಂಬಿಕೆ. ಬಾಯಾರಿದರೆ ಚಹಾ. ಬೆವರೆಲ್ಲ ಹರಿದು ಹೋಗಿ ಮೂತ್ರ ಗಟ್ಟಿಯಾದರೆ ಕಲ್ಲು ಕಟ್ಟದೆ ಇನ್ನೇನು ಕಟ್ಟೀತು?

"ಮೂತ್ರ ಸರಿಯಾಗಿ ಆಗ್ತೈತೇನು?"

ಅವನು ಗೋಡೆಯ ಮೇಲಿನ ಕುಟುಂಬ ಯೋಜನೆಯ ಚಿತ್ರ ನೋಡುತ್ತ, "ಹ್ಞೂಂ, ಆಗ್ತೈತ್ರಿ," ಎಂದ. ಮಮ್ತಾಜ್‌ಬಿ ನೆಲ ನೋಡಿದಳು. ನಿಂಗಪ್ಪ ಹೊರಗೆ ಹೋದ.

ನೋವಿನ ಸೂಜಿ ಕೊಟ್ಟು, ಪರೀಕ್ಷೆಗೆ ಮೂತ್ರ ಹಿಡಿದುಕೊಡಲು ಬಾಟಲಿ ಕೊಟ್ಟೆ. ಸ್ವಲ್ಪ ಹೊತ್ತಿನಲ್ಲೇ ಬಾಟಲಿ ತುಂಬಿ ಬಂತು. ಲ್ಯಾಬಿನ ವರದಿ ಹೀಗಿತ್ತು: ರಕ್ತವಿಲ್ಲ, ಕೀವಿಲ್ಲ, ಪ್ರೋಟೀನ್ ಇಲ್ಲ. ಹದಿನೆಂಟರ ಹುಡುಗನಿಗೂ ಅಂಥ ಚೊಕ್ಕ ವರದಿ ಬರುವುದು ಅಪರೂಪ.

ನನಗೆ ಅಲ್ಲೇ ತಲೆ ಕೆಟ್ಟಿತು. ಕಲ್ಲು ಕೊಳವೆಯನ್ನು ಗೀರುತ್ತಿದ್ದರೆ ಮೂತ್ರದಲ್ಲಿ ಸ್ವಲ್ಪವಾದರೂ ರಕ್ತ ಸಾಮಾನ್ಯವಾಗಿ ಸಿಗುತ್ತದೆ. ಸಿಗದ ರೋಗಿಗಳೂ ಇದ್ದಾರೆ, ನಿಜ. ಆದರೆ ಇವನ ಕಣ್ಣಿನ ರೆಪ್ಪೆ ಊದಿತ್ತು. ಕಾಲಿನ ಮೇಲೆ ಬೆರಳೊತ್ತಿದರೆ ಗುಳಿ ಬೀಳುತ್ತಿತ್ತು. ರಕ್ತದೊತ್ತಡ ಏರಿತ್ತು. ಮಾತಿನ ಮಧ್ಯೆ ತೂಕಡಿಸುತ್ತಿದ್ದ. ಬಾಟಲಿ ಒಂದು ಹೇಳುತ್ತಿತ್ತು, ಮೈ ಇನ್ನೊಂದು ಹೇಳುತ್ತಿತ್ತು. ನಾನು ಮೈಯನ್ನು ನಂಬಿದೆ.

ವರಾಂಡದಲ್ಲಿ ನಿಂಗಪ್ಪ ಎಳನೀರು ಕೊಚ್ಚಿಸಿಕೊಂಡು ಬಂದು ನಿಂತಿದ್ದ.

"ಆ ಬಾಟ್ಲಿ ಯಾರು ತುಂಬಿದ್ದು?" ಎಂದು ನೇರ ಕೇಳಿದೆ.

ಅವನು ಮೊದಲು ನಕ್ಕ, ಆಮೇಲೆ ತಲೆ ಕೆರೆದ. "ನಾನ ರೀ. ಅವಂಗ ಮೊನ್ನೆಯಿಂದ ಹನಿ ಬಂದಿಲ್ರಿ. ಖಾಲಿ ಬಾಟ್ಲಿ ಹೆಂಗ ಕೊಡಾದು ಅಂತ ಅಳಾಕ ಹತ್ತಿದ. ಹೆಣ್ಣಮಗಳ ಮುಂದ ಉಚ್ಚಿ ನಿಂತೈತಿ ಅಂತ ಹೆಂಗ ಹೇಳಾದ್ರಿ? ದೋಸ್ತನ ಮಾನದ ಪ್ರಶ್ನಿ ಅಂತ ನಾನ ತುಂಬಿಕೊಟ್ಟೆ."

"ನಿನ್ನ ಮಾನಕ್ಕಿಷ್ಟು ಬೆಂಕಿ ಹಾಕ!" ಎಂದು ಕೂಗಿಬಿಟ್ಟೆ. ಸರ್ಕಾರಿ ನೌಕರಳು ಆಡಬಾರದ ಮಾತು. ಇಡೀ ವರಾಂಡ ನನ್ನ ಕಡೆ ತಿರುಗಿತು. ಅವನ ಕೈಯಲ್ಲಿದ್ದ ಎಳನೀರನ್ನು ಕಿತ್ತುಕೊಂಡೆ. ಎಳನೀರಿನಲ್ಲಿ ಪೊಟ್ಯಾಸಿಯಂ ಎಂಬ ಲವಣ ಹೆಚ್ಚು. ಮೂತ್ರ ಹೋಗುವವರಿಗೆ ಅದು ಅಮೃತ. ಮೂತ್ರ ನಿಂತವರಲ್ಲಿ ಅದು ಹೊರಗೆ ಹೋಗದೆ ರಕ್ತದಲ್ಲಿ ಸೇರುತ್ತ ಹೋಗಿ ಹೃದಯವನ್ನೇ ನಿಲ್ಲಿಸಬಲ್ಲದು. ಕಲ್ಲು ಜಾರಲಿ ಎಂದು ಗೆಳೆಯರೆಲ್ಲ ಸೇರಿ ಅವನಿಗೆ ಆಗಲೇ ಕೊಡಗಟ್ಟಲೆ ನೀರು, ಬಾರ್ಲಿಗಂಜಿ ಕುಡಿಸಿದ್ದರು. ಕುಡಿದದ್ದೆಲ್ಲ ಮೈಯಲ್ಲೇ ಉಳಿದಿತ್ತು.

ಮೂತ್ರ ನಿಂತಿತು ಎಂದರೆ ಎರಡು ಅರ್ಥ. ಕೆಳಗಿನ ಬಾಗಿಲು ಮುಚ್ಚಿ ಮೂತ್ರಕೋಶ ತುಂಬಿರಬಹುದು. ಆಗ ಕ್ಯಾಥೆಟರ್ ಎಂಬ ರಬ್ಬರ್ ಕೊಳವೆ ಹಾಕಿದರೆ ಸರ್ರನೆ ಹರಿಯುತ್ತದೆ, ರೋಗಿ ನಮಗೆ ಕೈ ಮುಗಿಯುತ್ತಾನೆ. ಇಲ್ಲವೇ ಮೇಲಿನಿಂದ ಮೂತ್ರವೇ ಇಳಿಯುತ್ತಿಲ್ಲ. ಮಾಬುಸಾಬ ನನ್ನಿಂದ ಕೊಳವೆ ಹಾಕಿಸಿಕೊಳ್ಳಲು ಒಪ್ಪಲಿಲ್ಲ. ಗಾಯಕ್ಕೆ ಪಟ್ಟಿ ಕಟ್ಟುವ ನಮ್ಮ ಡ್ರೆಸ್ಸರ್ ಗಂಡಸು, ಅವರೇ ಪರದೆಯ ಹಿಂದೆ ಆ ಕೆಲಸ ಮಾಡಿದರು. ನಾನು ಈಚೆ ಕೊಳವೆಯ ತುದಿಯ ಚೀಲ ನೋಡುತ್ತ ನಿಂತೆ. ಚೀಲಕ್ಕೆ ಏನೂ ಬರಲಿಲ್ಲ.

ಎಕ್ಸ್-ರೇ ತೆಗೆಸಿದೆ. ಎಡ ಕಿಡ್ನಿಯ ಜಾಗದಲ್ಲಿ ಬೆಳ್ಳಗೆ ಕವಲೊಡೆದ ದೊಡ್ಡ ಕಲ್ಲು, ಜಿಂಕೆಯ ಕೊಂಬಿನ ಹಾಗೆ. ಇಂಗ್ಲಿಷಿನಲ್ಲೂ ಅದಕ್ಕೆ ಅದೇ ಹೆಸರು. ಬಲಗಡೆ ಯುರೆಟರಿನ ದಾರಿಯಲ್ಲಿ ಕಡಲೆಕಾಳಿನಷ್ಟು ಇನ್ನೊಂದು. ಎರಡು ವರ್ಷದ ಹಿಂದೆ ನೋವು ನಿಂತದ್ದು ಕಲ್ಲು ಕರಗಿ ಅಲ್ಲ, ಎಡ ಕಿಡ್ನಿಯೇ ಸೋತು ಸುಮ್ಮನಾಗಿತ್ತು. ಇಷ್ಟು ದಿನ ಅವನು ಬಲಗಡೆಯ ಒಂದೇ ಕಿಡ್ನಿಯ ಮೇಲೆ ಬದುಕಿದ್ದ. ಈಗ ಅದರ ಬಾಗಿಲಿಗೂ ಕಲ್ಲು ಬಿದ್ದಿತ್ತು. ಕಲ್ಲಿನ ಮೇಲ್ಗಡೆಯಿಂದ ಮೂತ್ರಕ್ಕೆ ಬೇಗ ದಾರಿ ಮಾಡಿಕೊಡದಿದ್ದರೆ ಅವನು ಉಳಿಯುವುದಿಲ್ಲ. ಅದು ದಾವಣಗೆರೆಯಲ್ಲಿ ಮಾತ್ರ ಸಾಧ್ಯ.

ಹೇಳಿದೆ. ಮಾಬುಸಾಬ ಆ ತೂಕಡಿಕೆಯಲ್ಲೂ ಕಣ್ಣು ಬಿಟ್ಟ.

"ಒಲ್ಲೆ ರೀ. ದೊಡ್ಡ ಊರಾಗ ಆಪ್ರೇಷನ್ ಅಂತ ಮಲಗಿಸಿ ಕಿಡ್ನಿ ಕದೀತಾರಂತ."

ಆ ವರ್ಷಗಳಲ್ಲಿ ಈ ಸುದ್ದಿ ಎಲ್ಲ ಚಹಾದಂಗಡಿಗಳಲ್ಲೂ ಓಡಾಡುತ್ತಿತ್ತು. ಅದರಲ್ಲಿ ನಿಜವೂ ಇತ್ತು, ಹಾಗಾಗಿ ಸುಮ್ಮನೆ ಬೈದು ಪ್ರಯೋಜನವಿರಲಿಲ್ಲ. ನಾನು ಎಕ್ಸ್-ರೇ ಎತ್ತಿ ಹಿಡಿದು, "ಕದಿಯಾಕ ನಿನ್ನ ಹತ್ರ ಒಳ್ಳೇದು ಎಲ್ಲೈತಿ?" ಎಂದೆ. ಅವನು ಮುಖ ತಿರುಗಿಸಿದ.

ಆಗ ಅಲ್ಲಿಯವರೆಗೂ ಬಾಯಿ ಬಿಡದಿದ್ದ ಮಮ್ತಾಜ್‌ಬಿ ಮುಂದೆ ಬಂದಳು. ಗಂಡನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಹೇಳಾಕ ನಾಚಿಕಿ ನಿಂಗ, ಸಾಯಾಕ ನಾಚಿಕಿ ಇಲ್ಲೇನು? ಮೊನ್ನೆಯಿಂದ ಹೇಳಬ್ಯಾಡ ಅಂದಿ, ಬಾಯಿ ಮುಚ್ಚಿಕೊಂಡೆ. ಇವತ್ತು ನಿನ್ನ ಮಾತು ಕೇಳಾಕಿ ಅಲ್ಲ ನಾನು. ಏಳು."

ಅವನು ಎದ್ದ. ಆ ಕ್ಷಣದಲ್ಲಿ ಅವಳ ಮೇಲೆ ನನಗೆ ಹುಟ್ಟಿದ ಗೌರವ ಇಂದಿಗೂ ಹಾಗೆಯೇ ಇದೆ.

ಆಸ್ಪತ್ರೆಯ ಜೀಪು ಲಸಿಕೆ ಒಯ್ಯಲು ಹಳ್ಳಿಗಳ ಕಡೆ ಹೋಗಿತ್ತು. ನಿಂಗಪ್ಪ ಓಡಿಹೋಗಿ ದಾವಣಗೆರೆಗೆ ಮಾಲು ಒಯ್ಯುತ್ತಿದ್ದ ಭಟ್ಟಿಯ ಟೆಂಪೋವನ್ನು ಆಸ್ಪತ್ರೆಯ ಬಾಗಿಲಿಗೆ ತಂದ. ಮಂಡಕ್ಕಿ ಚೀಲಗಳ ನಡುವೆ ಜಾಗ ಮಾಡಿ ಮಾಬುಸಾಬನನ್ನು ಮಲಗಿಸಿದರು. ರೋಗಿಗೆ ಅದಕ್ಕಿಂತ ಮೆತ್ತನೆಯ ಹಾಸಿಗೆ ನಮ್ಮ ವಾರ್ಡಿನಲ್ಲೂ ಇರಲಿಲ್ಲ. ನೀರು ಕೊಡಬೇಡ, ತುಟಿ ಮಾತ್ರ ಒದ್ದೆ ಮಾಡು ಎಂದು ಮಮ್ತಾಜ್‌ಬಿಗೆ ಹೇಳಿ, ಹೃದಯ ಕಾಪಾಡಲು ಒಂದು ಇಂಜೆಕ್ಷನ್ ಕೊಟ್ಟು ಕಳಿಸಿದೆ. ಎದುರಿನ ಎಸ್‌ಟಿಡಿ ಬೂತಿನಿಂದ ದಾವಣಗೆರೆಯಲ್ಲಿದ್ದ ನನ್ನ ಸಹಪಾಠಿ ಸರ್ಜನ್‌ಗೆ ಫೋನು ಮಾಡಿದೆ.

ಉಳಿದ ಹೊತ್ತೆಲ್ಲ ಕೆಮ್ಮು, ಜ್ವರ, ಎರಡು ಹೆರಿಗೆ. ಕೆಲಸ ಮಾಡಿದೆ, ಆದರೆ ಕಿವಿ ಬೂತಿನ ಕಡೆಗೇ ಇತ್ತು. ಸಂಜೆ ಬೂತಿನವನು ಕರೆದ. ಸಹಪಾಠಿಯ ದನಿ ಸುಸ್ತಾಗಿತ್ತು. ಬೆನ್ನಿನಿಂದ ನೇರವಾಗಿ ಬಲ ಕಿಡ್ನಿಗೆ ಸಣ್ಣ ಕೊಳವೆ ಇಳಿಸಿದ್ದರು. ಅದಕ್ಕೆ ನೆಫ್ರಾಸ್ಟಮಿ ಎನ್ನುತ್ತಾರೆ.

"ಬಂತು ಮಾರಾಯ್ತಿ," ಎಂದ. "ಧಾರೆಯಾಗಿ ಬಂತು. ತಡ ಮಾಡಿದ್ದರೆ ಕಷ್ಟವಿತ್ತು."

ರಿಸೀವರ್ ಇಟ್ಟು ಬೂತಿನ ಸ್ಟೂಲಿನ ಮೇಲೆ ಕೂತೆ. ಕಣ್ಣಲ್ಲಿ ನೀರು ಬಂತು. ಬೂತಿನವನು ಯಾರೋ ತೀರಿಕೊಂಡಿದ್ದಾರೆಂದು ಹೆದರಿ ಫ್ಯಾನು ಹಾಕಿದ.

ರಕ್ತ ಶುದ್ಧವಾದ ಮೇಲೆ ಬಲಗಡೆಯ ಕಲ್ಲನ್ನು ಆಪರೇಷನ್ ಮಾಡಿ ತೆಗೆದರು. ಎಡ ಕಿಡ್ನಿ ಮರಳಿ ಬರಲಿಲ್ಲ. ಒಂದೇ ಕಿಡ್ನಿಯಲ್ಲಿ ಬಾಳುವುದು ಸಾಧ್ಯ, ಆದರೆ ಅದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು.

ಈ ಪ್ರಕರಣ ಕಲಿಸಿದ ಪಾಠ ಯಾವ ಪಠ್ಯಪುಸ್ತಕದಲ್ಲೂ ನನಗೆ ಸಿಕ್ಕಿರಲಿಲ್ಲ. ರೋಗಿಯ ನಾಚಿಕೆಯೂ ಒಂದು ರೋಗಲಕ್ಷಣ. ಜ್ವರ ನೋಡಿದ ಹಾಗೆಯೇ ಅದನ್ನೂ ನೋಡಬೇಕು, ಮೊದಲು ಅದನ್ನೇ ಇಳಿಸಬೇಕು. ಅಂದಿನಿಂದ ಗಂಡಸರ ಮುಂದೆ ನಾನು ಮೂತ್ರ ಎಂಬ ಪುಸ್ತಕದ ಮಾತು ಬಳಸಲಿಲ್ಲ. "ಉಚ್ಚಿ ಹೊಂಟೈತೇನು?" ಎಂದೇ ಕೇಳಿದೆ. ಮುಜುಗರ ಪಟ್ಟರು, ನಕ್ಕರು, ಆದರೆ ನಿಜ ಹೇಳಿದರು.

ಮಳೆಗಾಲ ಕಳೆಯುವ ಹೊತ್ತಿಗೆ ಒಂದು ಬೆಳಿಗ್ಗೆ ಹೊರರೋಗಿಗಳ ಸಾಲು ಬಾಗಿಲ ಆಚೆಗೂ ಬೆಳೆದಿತ್ತು. ಹೆಂಗಸರೇ ಹೆಚ್ಚು. ಆ ಸಾಲಿನ ಹಿಂದಿನಿಂದ ಮಾಬುಸಾಬ ಕತ್ತು ಚಾಚಿದ. ಮೈ ಇಳಿದಿತ್ತು, ಮುಖ ತಿಳಿಯಾಗಿತ್ತು. ನಮಸ್ಕಾರವಿಲ್ಲ, ಸಲಾಮಿಲ್ಲ, ಎಲ್ಲರ ತಲೆಯ ಮೇಲಿಂದ ಗಟ್ಟಿಯಾಗಿ ಕೂಗಿದ:

"ಅಮ್ಮಾರ! ಉಚ್ಚಿ ಚೆಂದ ಹೊಂಟೈತ್ರಿ!"

ಸಾಲಿಗೆ ಸಾಲೇ ಸೆರಗು ಬಾಯಿಗಿಟ್ಟುಕೊಂಡು ನಕ್ಕಿತು. ನಾನೂ ನಕ್ಕೆ. ನನ್ನ ಇಡೀ ನೌಕರಿಯಲ್ಲಿ ಅಷ್ಟು ಒಳ್ಳೆಯ ಸುದ್ದಿಯನ್ನು ಅಷ್ಟು ದೊಡ್ಡ ದನಿಯಲ್ಲಿ ಬೇರೆ ಯಾರೂ ಹೇಳಲಿಲ್ಲ.