ಕರಡಿ ಕಂಡ ಶನಿವಾರ

ನನಗೆ ಆಗ ನಲವತ್ತಾರು. ಗೌರಿಬಿದನೂರಿನ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಸುತ್ತಲೂ ಬೆಟ್ಟಗಳಿರುವ ಸೀಮೆಯಲ್ಲಿ ಹುಟ್ಟಿ ಬೆಳೆದವಳು, ಒಂದು ಬೆಟ್ಟವನ್ನೂ ನಡೆದು ಹತ್ತಿರಲಿಲ್ಲ. ಬಸ್ಸಿನ ಕಿಟಕಿಯಿಂದ ನೋಡಿದ್ದಷ್ಟೇ.

ಕಾಲೇಜಿನಿಂದಲೂ ಜೊತೆಗಿದ್ದ ಇಬ್ಬರು ಗೆಳತಿಯರಿದ್ದರು. ಒಬ್ಬಳು ನರ್ಸು. ಇನ್ನೊಬ್ಬಳು ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದಳು. ಅವಳ ತವರು ಮಂಚೇನಹಳ್ಳಿ ಹತ್ತಿರದ ಒಂದು ಹಳ್ಳಿ. ಅಲ್ಲಿಂದ ಬೆಟ್ಟ ಹತ್ತಿ, ಸಾಲು ದಾಟಿ, ಆಚೆ ಮುದ್ದೇನಹಳ್ಳಿ ಕಡೆಗೆ ಇಳಿಯಬಹುದು ಅಂತ ಅವಳ ಸೋದರಮಾವ ಹೇಳಿದ್ದರಂತೆ. ಈ ಮಾತನ್ನು ಅವಳು ವರ್ಷಗಟ್ಟಲೆ ಹೇಳುತ್ತಲೇ ಇದ್ದಳು. ಆ ಡಿಸೆಂಬರಿನಲ್ಲಿ ಮಾತ್ರ ಟೇಪನ್ನು ಕೊರಳಿಗೆ ಹಾಕಿಕೊಂಡೇ ನಮ್ಮ ಸ್ಟಾಫ್ ರೂಮಿಗೆ ಬಂದು, "ಎರಡನೇ ಶನಿವಾರ ಹೋಗಣ ಕಣೇ. ಮಂಡಿ ಇನ್ನೂ ಮಡಚ್ತಾವೆ, ಈಗ್ಲೇ ಹೋಗ್ಬಿಡಣ" ಅಂದಳು. ಅವತ್ತೇ ಸಂಜೆ ಹೋಗಿ ಹೊಸ ಶೂ ತಂದೆ.

ಶುಕ್ರವಾರ ಶಾಲೆ ಬಿಟ್ಟ ಮೇಲೆ ಬಸ್ಸು ಹತ್ತಿದೆವು. ಮೂವರೂ ಸೇರಿ ಎಷ್ಟು ಮಾತಾಡಿದೆವೆಂದರೆ ಕಂಡಕ್ಟರು ಯಾವ ಮದುವೆಗೆ ಅಂತ ಕೇಳಿದ. ಆ ರಾತ್ರಿಯ ವಾಸ ಮಾವನ ರಾಗಿ ಹೊಲದ ಕಾವಲು ಗುಡಿಸಲಿನಲ್ಲಿ. ಊರಲ್ಲಿ ಮನೆಯಿದ್ದರೂ ಗುಡಿಸಲೇ ಬೇಕೆಂದು ನಾವೇ ಹಟ ಹಿಡಿದಿದ್ದೆವು. ಅತ್ತೆ ಮುದ್ದೆ, ಹಿತಕಿದ ಬೇಳೆ ಸಾರು ತಂದು ಬಡಿಸಿ, ಹೆಂಗಸರು ಹೀಗೂ ಹೊರಡುವುದುಂಟೇ ಎಂದು ಗಂಡನ ಮುಖ ನೋಡಿದರು. ಮುಂದಿನ ಸಲ ತಾವೂ ಬರುವುದಾಗಿ ಆಮೇಲೆ ಅವರೇ ಹೇಳಿದರು.

ಬೆಳಗಿನ ಜಾವ ಮಂಜು ಹೊಲದ ಮೇಲೆಯೇ ಕೂತಿತ್ತು. ಮಾವ ಬೆಟ್ಟದ ಬುಡದ ತನಕ ಬಂದು ಕಾಲುದಾರಿ ತೋರಿಸಿದರು. ಮೇಲೆ ಕುರಿ ಕಾಯುವ ಒಬ್ಬ ಅಜ್ಜಿಯ ಗುಡಿಸಲಿದೆ, ಆಕೆಗೆ ಹೇಳಿ ಕಳಿಸಿದ್ದೇನೆ ಅಂದರು. ಕುರುಚಲು ಗಿಡ, ಕಾರೆ ಮುಳ್ಳು, ಅಲ್ಲಲ್ಲಿ ಕಲ್ಲಿನ ಮೆಟ್ಟಿಲು. ಮಂಜಿನಿಂದ ತಲೆ ಹೊರಗೆ ಬಂದಾಗ ಕೆಳಗೆ ಊರೂ ಇಲ್ಲ, ರಸ್ತೆಯೂ ಇಲ್ಲ. ಬೆಟ್ಟದ ತುದಿಗಳು ಮಾತ್ರ ಬಿಳಿಯ ಮೇಲೆ ತೇಲುತ್ತಿದ್ದವು. ಖುಷಿ ತಡೆಯಲಾರದೆ ನಾನು ಸುಮ್ಮನೆ ಚಪ್ಪಾಳೆ ತಟ್ಟಿದೆ.

ಮಧ್ಯಾಹ್ನದ ಹೊತ್ತಿಗೆ ದೊಡ್ಡ ಬಂಡೆ ಎದುರಾಯಿತು. ಆನೆಯ ಬೆನ್ನಿನಂತೆ ನುಣುಪಾಗಿ ಇಳಿಜಾರಾಗಿದ್ದ ಬಂಡೆ. ಕಾಲಿಡಲು ಎಂದೋ ಕೊರೆದ ಸಣ್ಣ ಗುಳಿಗಳಷ್ಟೇ. ಗೆಳತಿಯರಿಬ್ಬರೂ ಹತ್ತಿಬಿಟ್ಟರು. ನಾನು ಅರ್ಧಕ್ಕೆ ಬಂದಾಗ ಹೊಸ ಶೂ ಜಾರಿತು. ಮಂಡಿ ತರಚಿತು. ಅಲ್ಲೇ ಬಂಡೆಗೆ ಅಂಟಿಕೊಂಡೆ. ಮೇಲಕ್ಕೂ ಹೋಗಲಾರೆ, ಕೆಳಗೂ ಇಳಿಯಲಾರೆ. ಮೇಲಿನಿಂದ ಅವರಿಬ್ಬರೂ ಒಟ್ಟಿಗೆ ಸಲಹೆ ಕೊಡುತ್ತಿದ್ದರು, ಒಂದೂ ಕಿವಿಗೆ ಹೋಗಲಿಲ್ಲ.

ಆಗ ಒಬ್ಬ ಮುದುಕಿ ಬರಿಗಾಲಿನಲ್ಲಿ, ಮನೆಯ ಅಂಗಳಕ್ಕೆ ಇಳಿಯುವಷ್ಟು ಸಲೀಸಾಗಿ, ನನ್ನ ಪಕ್ಕಕ್ಕೆ ಇಳಿದು ಬಂದು ಕೂತಳು. ಮಾವ ಹೇಳಿದ್ದ ಅಜ್ಜಿ. ಮೊದಲು ತೆಲುಗಿನಲ್ಲಿ ಏನೋ ಹೇಳಿ, ನನ್ನ ಮುಖ ನೋಡಿ ಕನ್ನಡಕ್ಕೆ ಬಂದಳು.

"ಆ ಬೂಟು ಬಿಚ್ಚಮ್ಮ. ಕಲ್ಲು ನಿನ್ನ ಕಾಲಿಗೆ ಗೊತ್ತಾಗ್ಬೇಕು."

ಒಂದೊಂದಾಗಿ ಲೇಸು ಅವಳೇ ಬಿಚ್ಚಿ, ಎರಡೂ ಶೂಗಳನ್ನು ಕಟ್ಟಿ ತನ್ನ ಕೊರಳಿಗೆ ಹಾಕಿಕೊಂಡಳು. ಬಿಸಿಲಿಗೆ ಬೆಚ್ಚಗಾದ ಕಲ್ಲು ಅಂಗಾಲಿಗೆ ತಾಗಿತು. ಕಣ್ಣಿಗೆ ನುಣುಪು ಕಂಡರೂ ಒರಟು ಕಲ್ಲು, ಜಾರಲಿಲ್ಲ. ಒಂದು ಗುಳಿ, ಇನ್ನೊಂದು ಗುಳಿ. ಅಜ್ಜಿ ಹಿಂದೆಯೇ ಬಂದಳು, ಒಮ್ಮೆಯೂ ನನ್ನನ್ನು ಮುಟ್ಟಲಿಲ್ಲ. ಮೇಲೆ ತಲುಪಿದಾಗ ನನಗೆ ಅಳು ನಗು ಎರಡೂ ಬಂದವು. ನರ್ಸು ಗೆಳತಿ ಮಂಡಿಗೆ ಔಷಧಿ ಹಚ್ಚುತ್ತಿದ್ದರೆ ನಾನು, ನೋಡಿದಿರಾ, ಹತ್ತಿದೆ, ಹತ್ತಿದೆ ಎಂದು ಹೇಳುತ್ತಲೇ ಇದ್ದೆ.

ಅಜ್ಜಿಯ ಗುಡಿಸಲಿಗೆ ಮೊಳಕಾಲೆತ್ತರದ ಕಲ್ಲಿನ ಗೋಡೆ, ಮೇಲೆ ಹುಲ್ಲು. ಪಕ್ಕದಲ್ಲಿ ಮುಳ್ಳಿನ ಬೇಲಿಯ ಕುರಿದೊಡ್ಡಿ. ಮಗ ಸಂತೆಗೆ ಹೋಗಿದ್ದರಿಂದ ಕುರಿಗಳ ಜೊತೆ ಅವಳೊಬ್ಬಳೇ. ಕುರಿಗಳನ್ನು ಒಳಗೆ ಕೂಡುವಾಗ ನಾವೂ ಕೈ ಹಾಕಿದೆವು. ಟೈಲರ್ ಗೆಳತಿ ಒಂದು ಮರಿಯನ್ನು ಎತ್ತಿಕೊಂಡು ಅದರ ಉಣ್ಣೆಯನ್ನು ಬಟ್ಟೆಯಂತೆ ಬೆರಳಲ್ಲಿ ಉಜ್ಜಿ ನೋಡಿದಳು.

ಸೂರ್ಯ ಇಳಿಯುತ್ತಿದ್ದ. ಅಜ್ಜಿ ತಟ್ಟನೆ ಕೈ ಎತ್ತಿ ನಮ್ಮನ್ನು ಕೂರಿಸಿದಳು. ಹಿಡಿ ಮಣ್ಣು ತೂರಿ ಗಾಳಿ ಯಾವ ಕಡೆಯದೆಂದು ನೋಡಿದಳು. ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು, ನಮ್ಮ ವಾಸನೆ ಆಚೆ ಹೋಗುವಂತಿರಲಿಲ್ಲ. ಗುಡಿಸಲಿನ ಮುಂದಿದ್ದ ಕೊರಕಲಿನ ಆಚೆ ದಡದಲ್ಲಿ ಒಂದು ಕರಿಯ ಪೊದೆ ಅಲುಗಾಡಿದಂತಾಯಿತು. ಪೊದೆಯಲ್ಲ, ಕರಡಿ! ಹುತ್ತವೊಂದನ್ನು ಕೆದಕುತ್ತಿತ್ತು; ಮಣ್ಣು ಚಿಮ್ಮುವುದು ಕಾಣುತ್ತಿತ್ತು. ಆಮೇಲೆ ಅದು ತಿರುಗಿದಾಗ ಬೆನ್ನ ಮೇಲೆ ಎರಡು ಮರಿಗಳು! ತಾಯಿಯ ಕೂದಲನ್ನು ಹಿಡಿದುಕೊಂಡು, ಬಸ್ಸಿನಲ್ಲಿ ಕೂತವರಂತೆ ಅತ್ತಿತ್ತ ನೋಡುತ್ತಿದ್ದವು. ನಡೆಯುವಾಗ ಒಂದು ಜಾರಿ ಬಿತ್ತು. ತಾಯಿ ನಿಂತಿತು. ಮರಿ ಓಡಿ ಬಂದು, ಎರಡು ಸಲ ಸೋತು, ಮೂರನೆಯ ಸಲ ಹತ್ತಿಕೊಂಡ ಮೇಲೆಯೇ ಅದು ಹೆಜ್ಜೆ ಇಟ್ಟಿದ್ದು.

ನರ್ಸು ಗೆಳತಿ ನನ್ನ ಮಣಿಕಟ್ಟು ಹಿಡಿದಿದ್ದಳು. ಭಯಕ್ಕೆ ಹಿಡಿದಿದ್ದಾಳೆ ಅಂದುಕೊಂಡಿದ್ದೆ. "ನಿನ್ನ ನಾಡಿ ಕುದುರೆ ಓಡ್ದಂಗೆ ಓಡ್ತಿದೆ ಕಣೇ" ಎಂದು ಪಿಸುಗುಟ್ಟಿದಳು.

ಹೆದರಿಕೆಯಾಗುವುದಿಲ್ಲವೇ ಎಂದು ಅಜ್ಜಿಯನ್ನು ಕೇಳಿದೆ. "ಅವ್ಳ ದಾರೀಗೆ ನಾವ್ ಹೋಗಲ್ಲ, ನಮ್ ದಾರೀಗೆ ಅವ್ಳು ಬರಲ್ಲ" ಎಂದು ಒಲೆ ಹಚ್ಚಲು ಎದ್ದಳು.

ರಾತ್ರಿ ಅಜ್ಜಿಯ ಗುಡಿಸಲಿನಲ್ಲೇ ಕಳೆದು, ಭಾನುವಾರ ಆಚೆ ಇಳಿದೆವು. ಕೊನೆಯ ಇಳಿಜಾರಿನಲ್ಲಿ ಮೂವರೂ ಮಕ್ಕಳಂತೆ ಓಡಿದೆವು. ಸೀರೆಯ ಬದಲು ಚೂಡಿದಾರ್ ಹಾಕಿದ್ದು ಒಳ್ಳೆಯದಾಯಿತು. ಮುದ್ದೇನಹಳ್ಳಿಯಲ್ಲಿ ಬಸ್ಸಿಗೆ ಕಾಯುತ್ತಾ ಮನೆಗೆ ಫೋನ್ ಮಾಡಿದೆ. ಕಾಲು ನೋವೇ ಎಂದು ಕೇಳಿದ ಯಜಮಾನರಿಗೆ ಉತ್ತರ ಕೊಡದೆ ಕರಡಿಯ ಕಥೆ ಶುರು ಮಾಡಿದೆ. ದನಿ ಏರಿದ್ದು ನನಗೆ ತಿಳಿಯಲೇ ಇಲ್ಲ. ಪಕ್ಕದಲ್ಲಿ ಅವರೆಕಾಯಿ ಮೂಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು ಹತ್ತಿರ ಸರಿದರು. ಇಬ್ಬರು ಹೆಂಗಸರು ಬಂದು ನಿಂತರು. ಕರಡಿ ಎಷ್ಟು ದೊಡ್ಡದಿತ್ತು ಎಂದು ಕೇಳಿದರು. ಬಸ್ಸು ಬಂತು. ಕಥೆ ಇನ್ನೂ ಹುತ್ತದ ಹತ್ತಿರವೇ ಇತ್ತು. ಸೀಟು ಸಿಗಲಿಲ್ಲ, ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಕಂಬಿ ಹಿಡಿದು ನಿಂತುಕೊಂಡೇ ಉಳಿದದ್ದನ್ನು ಹೇಳಿದೆ.