ಬೆರಳೆತ್ತದ ಮುದಕಪ್ಪ

ಮುದಕಪ್ಪ ನಮ್ಮ ಗೇಟಿನ ಬೆಲ್ ಒತ್ತಿದರೆ ಇಡೀ ಬೀದಿಗೆ ಗೊತ್ತಾಗುತ್ತಿತ್ತು. ನಾನು ಬಂದು ಚಿಲಕ ತೆಗೆಯುವವರೆಗೂ ಬೆರಳು ಎತ್ತುತ್ತಿರಲಿಲ್ಲ.

"ಬಿಡಪ್ಪಾ, ಕಿವುಡಿಯಲ್ಲ ನಾನು."

"ಬೆರಳು ಕಲ್ಲಾಗ್ಯಾವ್ರೀ ಅಮ್ಮಾ. ಒತ್ತಿದ್ದು ನನಗ ತಿಳೀಬೇಕಲ್ರೀ."

"ತಾಳಿ ಕಟ್ಟೋವಾಗನೂ ಗಂಟು ಹಿಂಗ ಒತ್ತಿ ಹಿಡಿದಿದ್ದ್ರೀ ಇವ. ಅಯ್ನೋರು ಬಿಡಸಬೇಕಾತು," ಎಂದು ಅವನ ಹೆಂಡತಿ ರುಕ್ಮವ್ವ ನಗುತ್ತಿದ್ದಳು.

ಗದಗಿನ ಕಡೆಯವರು. ಟಿ. ದಾಸರಹಳ್ಳಿಯ ನಮ್ಮ ಮನೆಯ ಹಿಂದಿನ ರೂಮಿನಲ್ಲಿ ಬಾಡಿಗೆಗಿದ್ದಾರೆ. ಪೀಣ್ಯದ ಫ್ಯಾಕ್ಟರಿಯಲ್ಲಿ ಒಂದೇ ಪ್ರೆಸ್ ಮೆಷಿನ್ ಮುಂದೆ ಇಬ್ಬರಿಗೂ ಕೆಲಸ. ಅವನು ತಗಡು ಇಟ್ಟು ಮೆಷಿನ್ ಓಡಿಸುತ್ತಾನೆ. ಮೇಲಿನ ಅಚ್ಚು ಎದ್ದಾಗ ಅವಳು ಕೈ ಹಾಕಿ ಚೂರು ತೆಗೆಯುತ್ತಾಳೆ. ಅಲ್ಲಿಗೆ ಟೀ ಒಯ್ಯುವುದು ನಾನು. ಕಣ್ಣಾರೆ ಕಂಡದ್ದನ್ನೇ ಬರೆಯುತ್ತಿದ್ದೇನೆ.

ಮೆಷಿನ್ ಪಕ್ಕ ಮುಟ್ಟಿ ನಡೆಸುವ ಪರದೆ ಇದೆ. ಅದರಲ್ಲಿ ದಿನದ ಕೆಲಸಗಳ ಹೆಸರು; ಹೆಸರು ಮುಟ್ಟಿದರೆ ಡ್ರಾಯಿಂಗ್ ಬರುತ್ತದೆ. ಓಡಿಸುವ, ನಿಲ್ಲಿಸುವ ಗುಂಡಿಗಳೂ ಅದರ ಮೇಲೇ ಇದ್ದವು. ಇಷ್ಟೊಂದು ಗುಂಡಿ ಗಲೀಜು ಕಾಣುತ್ತದೆ ಎಂದರು ಓನರ್. ಸಾಫ್ಟ್‌ವೇರ್ ಬರೆಯುವ ಹುಡುಗ ನರೇಶ್ ಎಲ್ಲವನ್ನೂ ಒಂದು ಮೆನುವಿನೊಳಗೆ ಅಡಗಿಸಿದ.

"ಮೌಸಲ್ಲಾದ್ರೆ ರೈಟ್ ಕ್ಲಿಕ್ ಮಾಡಿದ್ರೆ ಬರತ್ತೆ ಅಣ್ಣ. ಇಲ್ಲಿ ಮೌಸ್ ಇಲ್ವಲ್ಲ, ಬೆರಳು ಒತ್ತಿ ಹಿಡ್ಕೊಂಡ್ರೆ ಬರತ್ತೆ. ಸುಮ್ನೆ ಮುಟ್ಟಿದ್ರೆ ಬರಲ್ಲ, ಸೇಫು. ನನ್ನ ಲ್ಯಾಪ್‌ಟಾಪಲ್ಲಿ ನೋಡಿದೀನಿ."

ಮುದಕಪ್ಪ ತಲೆಯಾಡಿಸಿದ. ಡ್ರಾಯಿಂಗ್ ನೋಡಲು ಒಂದು ಹೆಸರಿನ ಮೇಲೆ ಬೆರಳಿಟ್ಟ, ನಮ್ಮ ಬೆಲ್ ಮೇಲೆ ಇಡುವ ಹಾಗೆಯೇ. ರುಕ್ಮವ್ವನ ಎರಡೂ ಕೈ ಅಚ್ಚಿನೊಳಗಿದ್ದವು. ಮೆನು ಅವನ ಬೆರಳಿನಡಿಯಲ್ಲೇ ಬಿಚ್ಚಿಕೊಂಡಿತು. ನಾನು ಅಕ್ಷರ ಕೂಡಿಸಿ ಓದುವವಳು. ಬೆರಳಿನ ಆಚೆ ಈಚೆ ಕಂಡದ್ದು ಎರಡೇ: ಓ, ಸು.

ನರೇಶ್ ಚೀರಿದ: "ಅಣ್ಣಾ, ಬೆರಳು ಎತ್ಬೇಡಿ! ‘ಓಡಿಸು’ ಮೇಲಿದೆ, ಎತ್ತಿದ್ರೆ ಓಡತ್ತೆ!"

ಮುದಕಪ್ಪ ಎತ್ತಲಿಲ್ಲ. "ರುಕ್ಮೀ, ಕೈ ತಗೀ!" ಎಂದು ಕೂಗಿದ. ಸುತ್ತಲಿನ ಮೆಷಿನ್‌ಗಳ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ. ನರೇಶನೇ ಓಡಿ ಅವಳ ಭುಜ ಹಿಡಿದು ಎಳೆದ. ಅಷ್ಟರಲ್ಲಿ ಮುದಕಪ್ಪನ ಬೆರಳು ಜಾರಿತು. ಅಚ್ಚು ಬರಿದಾದ ಜಾಗಕ್ಕೆ ಬಿತ್ತು. ನನ್ನ ತಟ್ಟೆಯ ಲೋಟಗಳು ಅದುರಿದವು.

"ಸೋಮವಾರದೊಳಗೆ ಸರಿ ಮಾಡ್ತೀನಿ," ಅಂದ ನರೇಶ್.

"ಅಲ್ಲಿವರ್ಗೂ ಹುಷಾರಾಗಿ ಮುಟ್ರಪ್ಪ. ಆರ್ಡರ್ ನಿಲ್ಸಕ್ಕಾಗಲ್ಲ," ಅಂದರು ಓನರ್.

ಸಂಜೆ ಬೆಲ್ ಹೊಡೆದುಕೊಂಡಿತು. ಹೋಗಿ ಗೇಟು ತೆಗೆದೆ. ಸದ್ದು ನಿಲ್ಲಲಿಲ್ಲ.

"ತೆಗೆದಿದೀನಲ್ಲಪ್ಪಾ, ಬಿಡು."

ಮುದಕಪ್ಪನ ಮುಖ ಬೆವೆತಿತ್ತು. ಬೆರಳು ಬೆಲ್ ಮೇಲೇ ಇತ್ತು. "ರುಕ್ಮಿ ಎಲ್ಲಿ ಅದಾಳ್ರೀ ಅಮ್ಮಾ?" ಎಂದ.

ಅವಳು ಅವನ ಬೆನ್ನ ಹಿಂದೆಯೇ ನಿಂತಿದ್ದಳು. ಮುಂದೆ ಬಂದು ಎರಡೂ ಕೈ ಚಾಚಿ ತೋರಿಸಿದಳು. ಆಮೇಲೆ ಅವನು ಬೆರಳೆತ್ತಿದ.

ಇವತ್ತು ಶುಕ್ರವಾರ. ಇಬ್ಬರೂ ಕೆಲಸಕ್ಕೆ ಹೋಗಿದ್ದಾರೆ.