ಹಾಸುಬಟ್ಟೆಗೆ ಎರಡು ತುದಿ

ಬೆಳಗಿನ ಐದು ಗಂಟೆ. ಆಸ್ಪತ್ರೆಗಳ ಬಟ್ಟೆ ಒಗೆಯುವ ಈ ಲಾಂಡ್ರಿಯೊಳಗೆ ಆಗಲೇ ಬೆವರು ಕಿತ್ತು ಬರುವಷ್ಟು ಸೆಕೆ. ಉದ್ದನೆಯ ಇಸ್ತ್ರಿ ಯಂತ್ರದ ಮುಂದೆ ಇಬ್ಬರು ಹೆಂಗಸರು ಒದ್ದೆ ಹಾಸುಬಟ್ಟೆಯ ಒಂದೊಂದು ಮೂಲೆ ಹಿಡಿದು ಬಿಸಿ ಉರುಳೆಗೆ ಕೊಡುತ್ತಿದ್ದಾರೆ. ಕೈಯಷ್ಟೇ ಚುರುಕಾಗಿ ಬಾಯಿಯೂ ಓಡುತ್ತಿದೆ. "ಮಾತಾಡಿ, ಬೇಡ ಅನ್ನಲ್ಲ. ಬೆರಳು ಮಾತ್ರ ಒಳಗೆ ಹೋಗ್ಬಾರ್ದು!" ಎಂದು ಹಿಂದಿನಿಂದ ಗದರುತ್ತಿರುವವರು ಇಲ್ಲಿನ ಮೇಲ್ವಿಚಾರಕಿ. ಎಲ್ಲರ ಬಾಯಲ್ಲೂ ಅವರು ದೊಡ್ಡಕ್ಕ.

ಕಂಪನಿಗಳಲ್ಲಿ ಬದಲಾವಣೆ ತರುವುದು ಹೇಗೆ ಎಂದು ತಂಪು ಕೋಣೆಯಲ್ಲಿ ನಿಂತು ಪಾಠ ಹೇಳುವವರಿಗೆ ಬರವಿಲ್ಲ. ಅಂಥ ಭಾಷಣಗಳಲ್ಲಿ ನಾನು ಬೇಕಾದಷ್ಟು ಆಕಳಿಸಿದ್ದೇನೆ. ದೊಡ್ಡಕ್ಕ ಅದನ್ನು ಕೇಳಿ ಕಲಿತವರಲ್ಲ, ಎಡವಿ ಕಲಿತವರು.

ಹೋದ ವರ್ಷದವರೆಗೆ ಇಲ್ಲಿ ಕೈಯಲ್ಲೇ ಮಡಿಸುವ ಪದ್ಧತಿಯಿತ್ತು. ಇಬ್ಬಿಬ್ಬರು ಎದುರುಬದುರು ನಿಂತು, ಬಟ್ಟೆ ಎಳೆದು, ಮೇಜಿನ ಮೇಲೆ ಮಡಿಸಿಡುತ್ತಿದ್ದರು. ಬೇಗ ಕಳಿಸದಿದ್ದರೆ ಕೆಲಸ ಬೇರೆಯವರಿಗೆ ಎಂದು ಆಸ್ಪತ್ರೆಯವರು ಕಡ್ಡಿ ಮುರಿದಂತೆ ಹೇಳಿದಾಗ ಮಾಲೀಕರು ಇಸ್ತ್ರಿ ಮಾಡಿ ಮಡಿಸಿಯೂ ಕೊಡುವ ಈ ಯಂತ್ರ ತಂದರು. ಆಸ್ಪತ್ರೆಗಳು ಕೈಬಿಟ್ಟರೆ ಲಾಂಡ್ರಿಗೆ ಬೀಗ, ಮೂವತ್ತು ಮನೆಯವರು ಬೀದಿಗೆ.

"ಮಾಲೀಕರ ಹತ್ರ ಶಹಬ್ಬಾಸ್ ಅನ್ನಿಸ್ಕೊಳ್ಳೋ ಆಸೆ ನಂಗೆ," ಎನ್ನುತ್ತಾರೆ ದೊಡ್ಡಕ್ಕ. "ಭಾನುವಾರವೇ ಮೇಜು ಎತ್ತಿಸ್ಬಿಟ್ಟೆ. ಯಂತ್ರದ ಮುಂದೆ ಒಬ್ರು, ಹಿಂದೆ ಒಬ್ರು ಅಂತ ನಿಲ್ಲಿಸ್ದೆ. ಯಾರನ್ನೂ ಒಂದು ಮಾತು ಕೇಳ್ಲಿಲ್ಲ."

ಬುಧವಾರ ಅರ್ಧ ಜನ ನಾಪತ್ತೆ. ಬಂದವರ ಮುಖವೆಲ್ಲ ಗಂಟಿಕ್ಕಿಕೊಂಡಿತ್ತು. ಎಲ್ಲರಿಗಿಂತ ಮೊದಲು ಹೊರಟವರು ಇಪ್ಪತ್ತು ವರ್ಷ ಜೋಡಿಯಾಗಿ ಮಡಿಸಿದ ಅತ್ತಿಗೆ ಮತ್ತು ನಾದಿನಿ. ಯಂತ್ರಕ್ಕೆ ಹೆದರಿದ್ದಾರೆ ಎಂದುಕೊಂಡು ಧೈರ್ಯ ಹೇಳಲು ದೊಡ್ಡಕ್ಕ ಅವರ ಮನೆಗೇ ಹೋದರು.

"ಹೆದರೋದಾ? ನಮ್ಮನೇಲಿ ವಾಷಿಂಗ್ ಮಷೀನ್ ಇಲ್ವಾ?" ಎಂದು ಅತ್ತಿಗೆ ಸಿಡುಕಿದರಂತೆ. "ಇವಳ ಹತ್ರ ಮನಸ್ಸು ಬಿಚ್ಚಿ ಮಾತಾಡಕ್ಕೆ ನಂಗೆ ಸಿಗೋದೇ ಆ ಹೊತ್ತು. ಮನೇಲಿ ಇವಳ ಅಣ್ಣ ಕೂತಿರ್ತಾರಲ್ಲ!"

ದೊಡ್ಡಕ್ಕನಿಗೆ ಹೊಳೆದದ್ದು ಆಗ. ತಾವು ಎತ್ತಿಸಿದ್ದು ಮೇಜನ್ನಷ್ಟೇ ಅಲ್ಲ, ಜೋಡಿಗಳನ್ನೂ ಮುರಿದಿದ್ದರು. ಮರುದಿನ ಎಲ್ಲರನ್ನೂ ಕರೆಸಿ, "ತಪ್ಪು ನಂದೇ" ಎಂದರು. ಯಂತ್ರದ ಮುಂದೆ ಇಬ್ಬರೂ ಒಟ್ಟಿಗೇ ನಿಲ್ಲಲಿ ಎಂದು ಮಾಲೀಕರಲ್ಲಿ ಕೇಳಿದರು.

"ಜನ ಕಡಿಮೆ ಮಾಡೋಕಲ್ವೇನಮ್ಮಾ ಯಂತ್ರ ತಂದಿದ್ದು?"

"ಜನಾನೇ ಬರದಿದ್ರೆ ಅದಕ್ಕೆ ಬಟ್ಟೆ ಯಾರು ಕೊಡ್ತಾರೆ ಸಾರ್?"

ಹಾಗೆಂದು ಅವರು ಕೆಲಸಗಾರರನ್ನು ತಲೆಯ ಮೇಲೆ ಕೂರಿಸಿಕೊಂಡವರಲ್ಲ. ಮೇಜು ವಾಪಸ್ ಬೇಕು ಎಂದವರಿಗೆ, "ಜೋಡಿ ಉಳಿಸ್ತೀನಿ, ಮೇಜು ಬರಲ್ಲ" ಎಂದು ಖಡಾಖಂಡಿತವಾಗಿ ಹೇಳಿದರು. ಅತ್ತಿಗೆ, ನಾದಿನಿ ಒಂದು ವಾರ ಗೊಣಗಿದರು, ಆಮೇಲೆ ಬಂದು ಉರುಳೆಯ ಮುಂದೆ ನಿಂತರು. ಹಿಂದೆ ದಿನಕ್ಕೆ ಸಾವಿರ ಹಾಸುಬಟ್ಟೆ ಹೊರಟರೆ ಹೆಚ್ಚು, ಈಗ ಎರಡೂವರೆ ಸಾವಿರ. ಕೈ ಬಿಡುವಾದವರು ಹರಿದ ಬಟ್ಟೆ ಹೊಲಿಯುವ ಹೊಸ ವಿಭಾಗದಲ್ಲಿದ್ದಾರೆ. ಆಸ್ಪತ್ರೆಗಳೂ ಉಳಿದವು, ಯಾರ ಕೆಲಸವೂ ಹೋಗಲಿಲ್ಲ. ಕೇಳಿ ನನಗೇ ಖುಷಿಯಾಯಿತು.

ಆದರೂ ದೊಡ್ಡಕ್ಕನಿಗೆ ಒಂದು ಅಳುಕಿತ್ತು. ತಾವು ಕಣ್ಮರೆಯಾದರೆ ಎಲ್ಲ ಮತ್ತೆ ಹಳೆಯ ಹಾದಿ ಹಿಡಿದರೆ? ಅದಕ್ಕೇ ತಿಂಗಳುಗಟ್ಟಲೆ ರಜೆ ಹಾಕಿರಲಿಲ್ಲ. ಮಗಳ ಕಾಟ ತಾಳಲಾರದೆ ಹೋದ ವಾರ ಒಂದು ದಿನ ಮನೆಯಲ್ಲಿ ಉಳಿದರು.

"ಬೆಳಿಗ್ಗೆಯಿಂದ ಫೋನ್ ಹಿಡ್ಕೊಂಡೇ ಕೂತಿದ್ದೆ. ಒಂದು ಕರೆಯೂ ಇಲ್ಲ. ಕೆಟ್ಟಿದೆಯೇನೋ ಅಂತ ಮಗಳ ಫೋನಿಂದ ಮಾಡಿಸಿ ನೋಡ್ದೆ. ಸರಿಯಾಗೇ ಇತ್ತು."

ಮರುದಿನ ವಿಷಯ ಗೊತ್ತಾಯಿತು. ಬಟ್ಟೆ ಸಿಕ್ಕಿಕೊಂಡು ಯಂತ್ರ ನಿಲ್ಲಿಸಬೇಕಾಗಿ ಬಂದಿತ್ತು. ಬಿಡಿಸಿ, ಮತ್ತೆ ಚಾಲೂ ಮಾಡಿದ್ದು ಅದೇ ಅತ್ತಿಗೆ. ತಮಗೇಕೆ ಹೇಳಲಿಲ್ಲ ಎಂದು ದೊಡ್ಡಕ್ಕ ಕೇಳಿದರೆ, "ನೀವು ರಜಾದಲ್ಲಿದ್ರಲ್ಲ. ನಾವಿಲ್ವಾ?" ಎಂದರಂತೆ.

ಬೇಜಾರಾಯಿತೇ ಎಂದು ಕೇಳುತ್ತೇನೆ. ದೊಡ್ಡಕ್ಕ ಜೋರಾಗಿ ನಗುತ್ತಾರೆ.

"ಸ್ವಲ್ಪ ಹೊಟ್ಟೆ ಉರೀತು, ಸುಳ್ಳು ಯಾಕೆ ಹೇಳ್ಲಿ? ಮುಂದಿನ ತಿಂಗಳು ಎರಡು ದಿನ ರಜೆ ಹಾಕ್ತೀನಿ."